ಬಂದರಿನಲ್ಲಿ ಕಟ್ಟಿದ ಹಡಗು, ಅವ್ವನ ತೊಗರಿ ಕಟ್ಟಿಗೆ

"ಹಡಗಿನ್ಯಾಗ ಸುತ್ತೂ ನೀರೇ ಇರ್ತಾವ, ನಿಮಗೇನ್ ಕಮ್ಮಿ ಬಿಡ್ರಿ!" ಕಲಬುರಗಿಗೆ ರಜೆಗೆ ಬಂದಾಗಲೆಲ್ಲ ಓಣಿಯಲ್ಲಿ ಯಾರಾದರೂ ಅನ್ನುತ್ತಾರೆ. ಅದೂ ನಳಕ್ಕೆ ನೀರು ಬರದ ದಿನ, ಖಾಲಿ ಕೊಡ ಹಿಡಿದುಕೊಂಡು.

ನಾನು ಸರಕು ಹಡಗಿನಲ್ಲಿ ನಾಲ್ಕನೇ ಇಂಜಿನಿಯರ್. ಹಡಗಿನ ಮಾತಿನಲ್ಲಿ 'ಚಾರ್ ಸಾಬ್'. ಹಿಂದಿನ ಸಲ ಮುಖ್ಯ ಇಂಜಿನ್ ರಿಪೇರಿಗೆಂದು ಗುಜರಾತಿನ ಕಾಂಡ್ಲಾ ಬಂದರಿನಲ್ಲಿ ಎರಡು ತಿಂಗಳು ನಿಂತಿದ್ದೆವು. ಅಲ್ಲಿ ಉಬ್ಬರ ಇಳಿತದ ಅಂತರ ಹತ್ತಿರ ಹತ್ತಿರ ಆರು ಮೀಟರ್. ಡೆಕ್‌ನವರಿಗೆ ಹಗಲೂ ರಾತ್ರಿ ಹಗ್ಗ ಸಡಿಲಿಸುವುದು, ಬಿಗಿಯುವುದು. ಇಂಜಿನ್ ರೂಮಿನವರಿಗೆ ಮಾತ್ರ ಸಂಜೆಯಾದರೆ ಕೇರಂ ಬೋರ್ಡು, ಅಡುಗೆಯ ಭಂಡಾರಿ ಕರಿದ ಪಕೋಡ.

ಸಿಹಿನೀರಿನ ಲೆಕ್ಕ ನನ್ನದು. ಹಡಗು ಓಡುವಾಗ ಇಂಜಿನ್ನಿನ ಬಿಸಿಯಲ್ಲೇ ಸಮುದ್ರದ ನೀರು ಕಾಯಿಸಿ ಸಿಹಿನೀರು ಮಾಡಿಕೊಳ್ಳುತ್ತೇವೆ. ನಿಂತ ಇಂಜಿನ್ನಿಗೆ ಬಿಸಿ ಎಲ್ಲಿಯದು? ಓಡಿದ್ದರೂ ಬಂದರಿನ ಕೊಳಕು ನೀರನ್ನು ಆ ಯಂತ್ರಕ್ಕೆ ಬಿಡುವುದಿಲ್ಲ. ಟ್ಯಾಂಕಿನಲ್ಲಿ ಇದ್ದಷ್ಟೇ ನೀರು, ಮುಗಿದರೆ ದುಡ್ಡು ಕೊಟ್ಟು ತರಿಸಬೇಕು.

ದಿನಾ ಬೆಳಿಗ್ಗೆ ಹಿತ್ತಾಳೆ ಗುಂಡಿನ ಟೇಪಿಗೆ ಪೇಸ್ಟ್ ಸವರಿ ಟ್ಯಾಂಕಿನ ಕೊಳವೆಗೆ ಇಳಿಸಬೇಕು. ನೀರು ತಾಗಿದಷ್ಟಕ್ಕೆ ಪೇಸ್ಟಿನ ಬಣ್ಣ ಬದಲಾಗುತ್ತದೆ, ಅಲ್ಲಿಗೆ ಅಳತೆ. ಇಪ್ಪತ್ತು ಜನಕ್ಕೆ ದಿನಕ್ಕೆ ಒಂಬತ್ತು ಟನ್, ಅಂದರೆ ಒಂಬತ್ತು ಸಾವಿರ ಲೀಟರ್, ಹೆಚ್ಚುಕಡಿಮೆ ಇಲ್ಲ. ಒಂದು ವಾರ ನೋಡಿದೆ, ಬೇಸರ ಬಂತು. ಆಮೇಲೆ ಟೇಪ್ ಮುಟ್ಟದೆ ನಿನ್ನೆಯ ಅಂಕಿಯಲ್ಲಿ ಒಂಬತ್ತು ಕಳೆದು ಬರೆಯತೊಡಗಿದೆ.

ಹಾಗೆ ಬರೆಯತೊಡಗಿದ ಹತ್ತನೇ ದಿನ ರಾತ್ರಿ ಎರಡಕ್ಕೆ ಕಂಟ್ರೋಲ್ ರೂಮಿನಲ್ಲಿ ಒಬ್ಬನೇ ಕೂತಿದ್ದೆ. ಸಿಹಿನೀರಿನ ಪಂಪಿನ ಹಸಿರು ದೀಪ ಹತ್ತಿತು, ಆರಿತು. ಸ್ವಲ್ಪ ಹೊತ್ತಿಗೆ ಮತ್ತೆ. ಎಲ್ಲರೂ ಮಲಗಿದ್ದಾರೆ, ಈ ಹೊತ್ತಿನಲ್ಲಿ ಸ್ನಾನ ಮಾಡುವವರು ಯಾರು? ಗಡಿಯಾರ ಇಟ್ಟು ನೋಡಿದೆ: ಹತ್ತು ನಿಮಿಷಕ್ಕೊಮ್ಮೆ. ಟೇಪ್ ತೆಗೆದುಕೊಂಡು ಓಡಿದೆ. ನನ್ನ ಪುಸ್ತಕದಲ್ಲಿದ್ದ ನೀರಿಗಿಂತ ಟ್ಯಾಂಕಿನಲ್ಲಿ ನಲವತ್ತು ಟನ್ ಕಡಿಮೆ!

ಹಡಗಿಗೆ ದಾರಿ ತೋರಿಸಲು ಬರುವ ಪೈಲಟ್‌ಗೆಂದು ಇಟ್ಟ, ಯಾರೂ ಇರದ ಕ್ಯಾಬಿನ್ನಿನ ಶೌಚಾಲಯದಲ್ಲಿ ಫ್ಲಶ್ ವಾಲ್ವ್ ಸರಿಯಾಗಿ ಮುಚ್ಚಿರಲಿಲ್ಲ, ಸಣ್ಣಗೆ ಹರಿಯುತ್ತಿತ್ತು. ಸದ್ದೂ ಇಲ್ಲ. ನಿಮಿಷಕ್ಕೆ ಮೂರು ಲೀಟರ್ ಹೋದರೆ ದಿನಕ್ಕೆ ನಾಲ್ಕು ಟನ್ ದಾಟುತ್ತದೆ. ಆಮೇಲೆ ನೀರು ತರುವ ದೋಣಿ, ಬಾರ್ಜ್, ಬರುವವರೆಗೆ ಐದು ದಿನ ಎಲ್ಲರಿಗೂ ಒಂದೊಂದೇ ಬಕೆಟ್. ಬಡಾ ಸಾಬ್, ಅಂದರೆ ಮುಖ್ಯ ಇಂಜಿನಿಯರ್, ಬೈಯಲಿಲ್ಲ, ನನ್ನ ಪುಸ್ತಕ ತೆರೆದು ಆ ಹತ್ತು ಸಾಲುಗಳ ಕೆಳಗೆ ಕೆಂಪು ಗೆರೆ ಎಳೆದರು. ಬೈದಿದ್ದರೇ ಚೆನ್ನಾಗಿತ್ತು.

ನಮ್ಮ ಮನೆಯಲ್ಲಿ ಅವ್ವ ಏಳುತ್ತಲೇ ನೀರಿನ ಹೌದಕ್ಕೆ ತೊಗರಿ ಕಟ್ಟಿಗೆ ಇಳಿಸಿ, ಒದ್ದೆಯಾದಷ್ಟನ್ನು ಬೆರಳಿಟ್ಟು ಅಳೆಯುತ್ತಾಳೆ. ಚಿಕ್ಕಂದಿನಿಂದ ನೋಡಿದ್ದೇನೆ, ನಕ್ಕಿದ್ದೇನೆ ಕೂಡ. ಮೊನ್ನೆ ಬೆಳಿಗ್ಗೆ ಕಟ್ಟಿಗೆ ಹಿಡಿದುಕೊಂಡೇ ಒಳಗೆ ಬಂದಳು.

"ರಾತ್ರ್ಯಾಗ ನಾಕ್ ಬಟ್ಟ ಇಳದಾವ. ಯಾರ್ ನಳಾ ಬಿಟ್ಟೀರಿ, ನೋಡ್ರಿ."

ಎಲ್ಲರಿಗಿಂತ ಮೊದಲು ಹಾಸಿಗೆ ಬಿಟ್ಟು ಎದ್ದವನು ನಾನೇ.