ಗರಸು ದಾರಿ ಸೈಕಲ್: ಹಿಂದಿನ ಚಕ್ರ ಕೊನೆಗೂ ಗಾಳಿ ಹಿಡಿದುಕೊಂಡಿತು

ಇವತ್ತು ಬೆಳಿಗ್ಗೆ ಐದೂವರೆಗೆ ಎದ್ದು, ಮುಖ ಕೂಡ ತೊಳೆಯದೆ ಹೋಗಿ ಹಿಂದಿನ ಟೈರನ್ನು ಹೆಬ್ಬೆರಳಿನಿಂದ ಒತ್ತಿದೆ. ಗಟ್ಟಿ ಇತ್ತು. ನಂಬಿಕೆ ಬರಲಿಲ್ಲ, ಗಾಳಿಯ ಒತ್ತಡವನ್ನು ಪಿಎಸ್‌ಐ ಲೆಕ್ಕದಲ್ಲಿ ತೋರಿಸುವ ಗೇಜ್ ಹಾಕಿದೆ. 34. ರಾತ್ರಿ ಮಲಗುವಾಗ 35 ಇತ್ತು. ಖುಷಿಗೆ ಕೂಗಿಬಿಟ್ಟೆ ಅಂತ ಕಾಣುತ್ತೆ, ಒಳಗಿಂದ ಅಮ್ಮ "ಏನಾಯ್ತೋ?" ಅಂದರು.

"ಗಾಳಿ ನಿಂತಿದೆ ಅಮ್ಮ!"

"ನಿಂತ್ರೂ ಚಳಿ ಇದೆ, ಸ್ವೆಟರ್ ಹಾಕ್ಕೊ."

ಹಳೆ ಹೈಬ್ರಿಡ್ ಫ್ರೇಮಿಗೆ ಡ್ರಾಪ್ ಹ್ಯಾಂಡಲ್ ಕೂರಿಸಿದ್ದು, ಕೇಬಲ್ ಎಳೆದದ್ದು, ಪೆಡಲ್ ಅಚ್ಚಿನ ಬೇರಿಂಗ್ (ಬಿಬಿ) ಬದಲಿಸಿದ್ದು ಇದ್ಯಾವುದನ್ನೂ ಬರೆಯುವುದಿಲ್ಲ. ನೀವೆಲ್ಲ ಮಾಡಿರ್ತೀರಿ, ಬೈದುಕೊಂಡೂ ಇರ್ತೀರಿ. ಈ ಸಲ ಪೂರ್ತಿ ಒಂದೇ ಚಕ್ರದ ಪುರಾಣ.

ಟ್ಯೂಬ್‌ಲೆಸ್ (ಒಳಗೆ ಟ್ಯೂಬ್ ಇಲ್ಲದೆ ಟೈರೇ ಗಾಳಿ ಹಿಡಿಯುವ ಚಕ್ರ) ಯಾಕೆ ಬೇಕಿತ್ತು ಅನ್ನುವುದನ್ನು ಮಾತ್ರ ಹೇಳಿಬಿಡುತ್ತೇನೆ. ಹೈವೇ 75ರಲ್ಲಿ ಲಾರಿಗಳ ಪಕ್ಕ ಜೀವ ಬಿಗಿ ಹಿಡಿದು ತುಳಿಯುವುದು ನನಗೆ ಸಾಕಾಗಿದೆ. ಹಾಸನದ ಸುತ್ತ ಅದರ ಅಗತ್ಯವೂ ಇಲ್ಲ. ಊರು ದಾಟಿ ನಾಲ್ಕೈದು ಕಿಲೋಮೀಟರ್ ಹೋಗಿ ಟಾರ್ ಬಿಟ್ಟರೆ ಸಾಕು. ಕೆರೆ ಏರಿ, ಗಾಡಿದಾರಿ, ನೀಲಗಿರಿ ತೋಪಿನ ಸಂದಿ, ಕೆಂಪು ಗರಸಿನ ಏರಿಳಿತ. ಒಂದು ಗಂಟೆ ತುಳಿದರೂ ಎದುರಾಗುವುದು ಎರಡು ಬೈಕು, ಒಂದು ಟ್ರ್ಯಾಕ್ಟರು, ಒಂದಷ್ಟು ಕುರಿ. ಬಯಲುಸೀಮೆಯಷ್ಟು ಚಪ್ಪಟೆಯಲ್ಲ, ಸಕಲೇಶಪುರದ ಕಡೆಯಷ್ಟು ಎದೆ ಒಡೆಯುವ ಹತ್ತುವಿಕೆಯೂ ಅಲ್ಲ.

ಆದರೆ ಆ ದಾರಿಗಳಿಗೆ ಒಬ್ಬ ಯಜಮಾನ ಇದ್ದಾನೆ. ಜಾಲಿ ಅಂದುಕೊಂಡಿರಿ, ಅಲ್ವಾ? ಜಾಲಿ ಕಣ್ಣಿಗಾದರೂ ಕಾಣುತ್ತೆ. ನಾನು ಹೇಳುತ್ತಿರುವುದು ನೆಗ್ಗಿಲು ಮುಳ್ಳು. ನೆಲಕ್ಕೆ ಅಂಟಿದ ಬಳ್ಳಿ, ಮುದ್ದಾದ ಹಳದಿ ಹೂವು. ಕಾಯಿ ಒಣಗಿ ಬಿದ್ದರೆ ಯಾವ ಮಗ್ಗುಲಿಗೆ ಬಿದ್ದರೂ ಒಂದು ಮುಳ್ಳು ಮೇಲಕ್ಕೇ ನೋಡುತ್ತಿರುತ್ತದೆ. ಡಿಸೆಂಬರಿನಲ್ಲಿ ಒಂದೇ ಭಾನುವಾರ ನಾಲ್ಕು ಪಂಕ್ಚರ್ ಆಯಿತು. ಪ್ಯಾಚ್ ಖಾಲಿಯಾಗಿ ಕೊನೆಗೆ ಆಲೂಗೆಡ್ಡೆ ಮೂಟೆಗಳ ನಡುವೆ ಗೂಡ್ಸ್ ಆಟೋದಲ್ಲಿ ಕೂತು ಊರಿಗೆ ಬಂದೆ. ಅವತ್ತೇ ತೀರ್ಮಾನ ಮಾಡಿದ್ದು, ಟ್ಯೂಬ್‌ಲೆಸ್ಸೇ ಸರಿ, ಒಳಗೆ ಸುರಿಯುವ ಸೀಲೆಂಟ್ ಅನ್ನುವ ದ್ರವ ಮುಳ್ಳಿನ ತೂತನ್ನು ತಾನೇ ಮುಚ್ಚುತ್ತೆ ಅಂತ.

ರಿಮ್ಮಿನ ಒಳ ಅಗಲ 23 ಮಿ.ಮೀ. ಕಡ್ಡಿಗಳ ತೂತು ಮುಚ್ಚಿ ಗಾಳಿ ತಡೆಯಲು ಅದಕ್ಕೆ 25 ಮಿ.ಮೀ ಅಗಲದ ಟೇಪ್ ಬೇಕು. ಬೆಂಗಳೂರಿನ ಒಂದು ಅಂಗಡಿಗೆ ಆರ್ಡರ್ ಹಾಕಿದೆ. ಬಂದ ಡಬ್ಬಿಯ ಮೇಲೆ 25 ಅಂತಲೇ ಇತ್ತು. ಒಳಗಿನ ಟೇಪಿಗೆ ಕ್ಯಾಲಿಪರ್ ಹಿಡಿದರೆ 21. ಫೋನ್ ಮಾಡಿದೆ. "ಎರಡೂ ಒಂದೇ ಸಾರ್, ಸ್ವಲ್ಪ ಎಳೆದು ಹಾಕಿ, ಅಡ್ಜಸ್ಟ್ ಆಗತ್ತೆ" ಅಂದರು. ಟೇಪನ್ನು ಎಳೆದರೆ ಅಗಲ ಕಮ್ಮಿ ಆಗುತ್ತೋ ಜಾಸ್ತಿ ಆಗುತ್ತೋ ಅಂತ ಕೇಳಬೇಕಿತ್ತು, ಅಷ್ಟರಲ್ಲಿ ಇಟ್ಟುಬಿಟ್ಟರು. ಬದಲಿ ಟೇಪ್ ಬರಲು ಒಂಬತ್ತು ದಿನ. ಜೊತೆಗೆ ಬಂದ ಸೀಲೆಂಟ್ ಬಾಟಲಿಯ ಮುಚ್ಚಳ ಸಡಿಲ, ಪಾರ್ಸೆಲ್ ತುಂಬಾ ಬಿಳಿ ರಾಡಿ. ಕೊರಿಯರ್ ಹುಡುಗ ದೂರ ಹಿಡಿದುಕೊಂಡು "ಮಜ್ಜಿಗೆ ತರಿಸಿದ್ರಾ ಸಾರ್?" ಅಂದ. ಅಮೋನಿಯಾ ವಾಸನೆಗೆ ಅಮ್ಮ ಆ ಮಜ್ಜಿಗೆಯನ್ನು ಮನೆಯೊಳಗೆ ಬಿಡಲಿಲ್ಲ.

ಮುಂದಿನ ಚಕ್ರ ಮೊದಲನೇ ಸಲಕ್ಕೇ ಕೂತಿತು. ಅದರ ಬಗ್ಗೆ ಬರೆಯುವುದಕ್ಕೇನೂ ಇಲ್ಲ, ಒಳ್ಳೆ ಮಕ್ಕಳ ಬಗ್ಗೆ ಯಾರು ಮಾತಾಡ್ತಾರೆ. ಹಿಂದಿನದು ರಾತ್ರಿ 35, ಬೆಳಿಗ್ಗೆ 12. ದಿನಾ.

ಮೊದಲು ಚಳಿಯ ಮೇಲೆ ತಪ್ಪು ಹೊರಿಸಿದೆ. ಜನವರಿ, ಹಾಸನ, ಹೊರಗಿನ ಶೆಡ್ಡು. ಲೆಕ್ಕ ಹಾಕಿ ನೋಡಿದರೆ ಹತ್ತು ಡಿಗ್ರಿ ಇಳಿದರೂ ಹೋಗುವುದು ಒಂದೂವರೆ ಪಿಎಸ್‌ಐ ಅಷ್ಟೇ. ಉಳಿದದ್ದನ್ನು ಯಾರೋ ಕುಡಿಯುತ್ತಿದ್ದಾರೆ.

ಸೋಪಿನ ನೀರು ಹಚ್ಚಿದೆ. ವಾಲ್ವ್ ಪಕ್ಕದ ಎರಡು ನಿಪ್ಪಲ್‌ಗಳ (ಕಡ್ಡಿಯನ್ನು ರಿಮ್ಮಿಗೆ ಬಿಗಿಯುವ ತುಂಡುಗಳ) ಬುಡದಲ್ಲಿ ಸಣ್ಣಗೆ ಗುಳ್ಳೆ. ಸಿಕ್ಕಿಬಿದ್ದ ಕಳ್ಳ ಅಂದುಕೊಂಡೆ. ಟೈರ್ ಬಿಚ್ಚಿ, ವಾಲ್ವ್ ತೆಗೆದು, ಆ ಜಾಗಕ್ಕೆ ಇನ್ನೊಂದು ಸುತ್ತು ಟೇಪ್ ಹಾಕಿ, ವಾಲ್ವಿನ ರಬ್ಬರ್ ಬದಲಿಸಿ, ಮತ್ತೆ 60 ಎಂಎಲ್ ಸೀಲೆಂಟ್ ಸುರಿದೆ. ಬೆಳಿಗ್ಗೆ 12. ಮತ್ತೆ ಬಿಚ್ಚಿದೆ. ವಾಲ್ವಿನ ನಟ್ಟನ್ನು ಪ್ಲೈಯರ್‌ನಲ್ಲಿ ಬಿಗಿದೆ (ಮಾಡಬೇಡಿ, ವಾಲ್ವಿನ ಬುಡದ ರಬ್ಬರ್ ಹಿಚುಕಿ ಇನ್ನೂ ಕೆಡುತ್ತೆ). ಬೆಳಿಗ್ಗೆ 9. ಆ ವಾರ ಸೀಲೆಂಟಿಗೆ ಸುರಿದ ದುಡ್ಡಲ್ಲಿ ಹತ್ತು ಟ್ಯೂಬ್ ಬರುತ್ತಿತ್ತು. ಇದನ್ನು ಮನೆಯಲ್ಲಿ ಯಾರಿಗೂ ಹೇಳಿಲ್ಲ.

ಏಳನೇ ದಿನ ಮರ್ಯಾದೆ ಬಿಟ್ಟು ನಮ್ಮ ಬೀದಿ ಕೊನೆಯ ಪಂಕ್ಚರ್ ಅಂಗಡಿ ಅಣ್ಣನ ಹತ್ತಿರ ಹೋದೆ. ಟೈರ್ ಕೂರಿಸುವುದಕ್ಕೆ ಅವರ ಕಂಪ್ರೆಸರ್ ಆಗಲೇ ಬಳಸಿದ್ದೆ. ವಾಲ್ವಿನ ಒಳಗಿನ ಕೋರ್ ಬಿಚ್ಚಿ ಪೈಪ್ ಒತ್ತಿ ಹಿಡಿದರೆ ಟಪ್ ಟಪ್ ಅಂತ ಟೈರಿನ ಅಂಚು (ಬೀಡ್) ರಿಮ್ಮಿಗೆ ಕೂರುವ ಸದ್ದು ಅವರಿಗೂ ಇಷ್ಟ. ಅವರು ಚಕ್ರವನ್ನು ನೀರಿನ ತೊಟ್ಟಿಯಲ್ಲಿ ಮುಳುಗಿಸಿ ನಿಧಾನಕ್ಕೆ ತಿರುಗಿಸಿದರು. ಅದೇ ಎರಡು ನಿಪ್ಪಲ್, ಅದೇ ಗುಳ್ಳೆ. ನಾನು "ನೋಡಿ, ಇಲ್ಲೇ" ಅಂದೆ.

ಅವರು ಬೀಡಿ ಆರಿಸಿ ಹೇಳಿದರು: "ಸಾರ್, ನಿಮ್ಮ ಊರಲ್ಲಿ ಹೆಂಚಿನ ಮನೆ ಇದ್ಯಾ? ಮಳೆಗಾಲದಲ್ಲಿ ನೀರು ತೊಟ್ಟಿಕ್ಕೋದು ಒಲೆ ಮೇಲೆ, ಹೆಂಚು ಒಡೆದಿರೋದು ಜಂತಿಯ ಆ ತುದೀಲಿ."

ನನಗೆ ತೊಟ್ಟಿಯಲ್ಲೇ ಮುಳುಗಬೇಕು ಅನಿಸಿತು. ಎರಡು ಗೋಡೆಯ ರಿಮ್ ಅಂದರೆ ಒಳಗೆಲ್ಲ ಪೊಳ್ಳು. ಟೇಪಿನಲ್ಲಿ ಎಲ್ಲೋ ಒಂದು ಕಡೆ ತೂತಾದರೆ ಗಾಳಿ ಆ ಪೊಳ್ಳಿನೊಳಗೆ ಇಳಿದು ಇಡೀ ರಿಮ್ ಸುತ್ತಿ, ಯಾವ ನಿಪ್ಪಲ್ ಸಡಿಲವಾಗಿದೆಯೋ ಅಲ್ಲಿ ಹೊರಗೆ ಬರುತ್ತೆ. ಒಂದು ವಾರ ನಾನು ಒಲೆಯನ್ನೇ ರಿಪೇರಿ ಮಾಡುತ್ತಾ ಕೂತಿದ್ದೆ.

ಸರಿ, ಹೆಂಚು ಹುಡುಕುವುದು ಹೇಗೆ? ಟೈರ್ ತೆಗೆದರೆ ಗಾಳಿ ತುಂಬಲಾಗಲ್ಲ, ಹಾಕಿದರೆ ಟೇಪ್ ಕಾಣಲ್ಲ. ಉಪಾಯ ಆ ಕೆಟ್ಟ ಮಜ್ಜಿಗೆಯಲ್ಲೇ ಇತ್ತು. ಗಾಳಿ ನುಗ್ಗಿದ ಕಡೆ ಸೀಲೆಂಟ್ ಕೂಡ ನುಗ್ಗಿರಲೇಬೇಕು. ಹಾಗಾಗಿ ಟೇಪನ್ನು ಸರಕ್ಕನೆ ಕಿತ್ತು ಬಿಸಾಡದೆ, ಒಂದೊಂದೇ ಇಂಚು ಬಿಡಿಸುತ್ತಾ ಅಡಿಭಾಗವನ್ನು ಟಾರ್ಚ್ ಹಿಡಿದು ನೋಡಿದೆ. ವಾಲ್ವ್ ಹತ್ತಿರ ಏನೂ ಇಲ್ಲ, ಒಣ ಒಣ. ಅರ್ಧ ಸುತ್ತು ದಾಟಿ ವಾಲ್ವಿನ ನೇರ ಎದುರಿಗೆ ಬಂದಾಗ, ಟೇಪಿನ ಹಿಂಬದಿಯಲ್ಲಿ ಕೂದಲೆಳೆಯಷ್ಟು ಬಿಳಿ ಗೆರೆ. ಸೀಲೆಂಟ್ ಒಣಗಿ ರಬ್ಬರ್ ಆಗಿತ್ತು. ಅದರ ಕೆಳಗೆ ರಿಮ್ಮಿನ ಎರಡು ತುದಿ ಕೂಡುವ ಜೋಡಣೆ. ಬೆರಳು ಸವರಿದರೆ ಗೊತ್ತೇ ಆಗಲಿಲ್ಲ. ಹತ್ತಿ ಎಳೆದೆ, ಸಿಕ್ಕಿಕೊಂಡಿತು. ಉಗುರಿನ ಸಿಬಿರಿನಷ್ಟು ಅಲ್ಯೂಮಿನಿಯಂ ಎದ್ದಿತ್ತು. ಪ್ರತಿ ಸಲ ಗಾಳಿ ತುಂಬಿದಾಗಲೂ ಹೊಸ ಟೇಪನ್ನು ಒಳಗಿಂದ ಅದು ಕೊಯ್ಯುತ್ತಿತ್ತು.

400ರ ನುಣುಪು ಮರಳು ಕಾಗದದಲ್ಲಿ ನೀರು ಹಾಕಿ ಉಜ್ಜಿ, ಸ್ಪಿರಿಟ್‌ನಲ್ಲಿ ಒರೆಸಿ, ಟೇಪನ್ನು ಬಿಗಿಯಾಗಿ ಎಳೆದು ಎರಡು ಸುತ್ತು ಹಾಕಿದೆ. ಆಮೇಲೆ ಒಂದು ರಾತ್ರಿ ಟ್ಯೂಬ್ ಹಾಕಿ ಗಾಳಿ ತುಂಬಿ ಇಟ್ಟೆ, ಟೇಪ್ ಚೆನ್ನಾಗಿ ಒತ್ತಿಕೊಳ್ಳಲಿ ಅಂತ. ಈ ಒಂದು ರಾತ್ರಿಯ ತಾಳ್ಮೆ ಮೊದಲೇ ಇದ್ದಿದ್ದರೂ ಪ್ರಯೋಜನ ಇರಲಿಲ್ಲ, ಸಿಬಿರು ಹೇಗೂ ಕೊಯ್ಯುತ್ತಿತ್ತು ಅಂತ ಸಮಾಧಾನ ಮಾಡಿಕೊಂಡಿದ್ದೇನೆ.

ಮಧ್ಯೆ ಒಂದು ಮಾತು. ಟ್ಯೂಬ್ ಹುಡುಕಲು ಅಟ್ಟ ಹತ್ತಿದಾಗ ಅಜ್ಜನ ಸೈಕಲ್ ಕಣ್ಣಿಗೆ ಬಿತ್ತು. ಕಂಬಿ ಬ್ರೇಕು, 28 ಇಂಚಿನ ಚಕ್ರ. ಟೈರಿನ ಬೀಡ್ ಕೂರುವ ಕಡೆ ಅದರ ವ್ಯಾಸ 635 ಮಿ.ಮೀ, ನಮ್ಮ ಈಗಿನ 700ಸಿ ಅಳತೆಯ ಚಕ್ರದ್ದು 622. ರೇಡಿಯಸ್ಸಿನಲ್ಲಿ ಬರೀ ಆರೂವರೆ ಮಿ.ಮೀ ವ್ಯತ್ಯಾಸ! ಅಂದರೆ ನಮ್ಮ ಚಕ್ರ, ಅಗಲದ ಟೈರ್ ಅದಕ್ಕೆ ಕೂರುತ್ತೆ ಅಂತ ಅಲ್ಲೇ ಧೂಳಿನಲ್ಲಿ ಕೂತು ಲೆಕ್ಕ ಹಾಕಿದೆ. ತೊಡಕು ಬ್ರೇಕಿನದು. ಕಂಬಿ ಬ್ರೇಕಿನ ರಬ್ಬರ್ ಕಟ್ಟೆ ರಿಮ್ಮಿನ ಪಕ್ಕವನ್ನು ಹಿಡಿಯಲ್ಲ, ಒಳಮೈಯನ್ನು ಹಬ್ ಕಡೆಯಿಂದ ಮೇಲಕ್ಕೆ ಎಳೆದು ಒತ್ತುತ್ತೆ. ಈಗಿನ ರಿಮ್ಮಿನ ಒಳಮೈ ಚೂಪು, ಒತ್ತುವುದಕ್ಕೆ ಜಾಗವೇ ಇಲ್ಲ. ಹಿಂದಿನ ಚಕ್ರಕ್ಕೆ ಕೋಸ್ಟರ್ ಹಬ್ (ಪೆಡಲ್ ಉಲ್ಟಾ ತುಳಿದರೆ ಬ್ರೇಕ್ ಹಿಡಿಯುವಂಥದು) ಹಾಕಿದರೆ? ಯಾರ ಹತ್ತಿರವಾದರೂ 36 ತೂತಿನದು ಬಿದ್ದಿದ್ದರೆ ಹೇಳಿ. ಅಪ್ಪನಿಗೆ ಇನ್ನೂ ವಿಷಯ ಗೊತ್ತಿಲ್ಲ.

ಇವತ್ತಿನ ಸವಾರಿ ದೊಡ್ಡಗದ್ದವಳ್ಳಿಗೆ. ಬೇಲೂರು ರಸ್ತೆಯಲ್ಲಿ ಹೋದರೆ ಹದಿನಾರು ಕಿಲೋಮೀಟರ್ ಚಿಲ್ಲರೆ, ನನ್ನ ಅಡ್ಡದಾರಿಯಲ್ಲಿ ಇಪ್ಪತ್ತಮೂರು. ಮಂಜು ಇನ್ನೂ ಬಿಟ್ಟಿರಲಿಲ್ಲ. ಹಿಂದೆ 35, ಮುಂದೆ 32. ಗರಸಿನ ಮೇಲೆ ಟೈರು ಕಟಕಟ ಅನ್ನುವುದು ಬಿಟ್ಟು ಸರ್ರ್ ಅಂತಿತ್ತು. ಎರಡು ಕಡೆ ಊರೊಳಗಿನ ಟಾರ್ ಮೇಲೆ ರಾಗಿ ಒಕ್ಕಣೆಗೆ ಹರಡಿದ್ದರು. ಕಾರಿನವರು ಅದರ ಮೇಲೆ ಹೋಗಲಿ ಅಂತಲೇ ಹಾಕಿರುತ್ತಾರೆ, ಸೈಕಲಿನವನು ಹೋದರೆ ರಾಗಿಯೂ ಉದುರಲ್ಲ, ಹುಲ್ಲು ಮಾತ್ರ ಗೇರ್ ಬದಲಿಸುವ ಡಿರೇಲರಿಗೆ ಜಡೆ ಹಾಕುತ್ತೆ. ಐದು ನಿಮಿಷ ಜಡೆ ಬಿಚ್ಚಿದೆ. ಒಬ್ಬ ಅಜ್ಜಿ ನಿಂತು ನೋಡಿ, "ಇಷ್ಟು ದಪ್ಪ ಟೈರಿಗೆ ಮೋಟ್ರು ಇಲ್ವಾ ಮಗ?" ಅಂದರು.

1114ರ ಲಕ್ಷ್ಮೀದೇವಿ ಗುಡಿ, ಪಕ್ಕದಲ್ಲಿ ಕೆರೆ. ಒಬ್ಬ ವ್ಯಾಪಾರಿ ಮತ್ತು ಅವನ ಹೆಂಡತಿ ಕಟ್ಟಿಸಿದ್ದು, ಒಳಗೆ ನಾಲ್ಕು ಗರ್ಭಗುಡಿ. ಭಾನುವಾರವಾದರೂ ಬೇಲೂರು, ಹಳೇಬೀಡಿನ ಗದ್ದಲದಲ್ಲಿ ಕಾಲು ಭಾಗವೂ ಇಲ್ಲಿರಲಿಲ್ಲ. ಗೋಡೆಗೆ ಒರಗಿ ಚಿತ್ರಾನ್ನ ತಿಂದು ಎದ್ದು ಚಕ್ರ ತಿರುಗಿಸಿದರೆ, ಹಿಂದಿನ ಟೈರಿನಲ್ಲಿ ನೆಗ್ಗಿಲು. ಒಂದಲ್ಲ, ಮೂರು. ಒಂದನ್ನು ಕಿತ್ತೆ. ಪಿಚಕ್ ಅಂತ ಬಿಳಿ ಹನಿ ಹಾರಿ ಕನ್ನಡಕಕ್ಕೆ ಬಿತ್ತು, ತೂತನ್ನು ಕೆಳಗೆ ಮಾಡಿ ಹಿಡಿದೆ, ನೊರೆ ಬಂತು, ನಿಂತಿತು. ಗೇಜಿನಲ್ಲಿ 31.

ಉಳಿದ ಎರಡು ಮುಳ್ಳು ಈಗಲೂ ಟೈರಿನಲ್ಲೇ ಇವೆ. ಕೀಳುವ ಧೈರ್ಯ ನನಗಿಲ್ಲ.