ಪೆನ್ಸಿಲ್ ಬುಕಿಂಗ್, ಪೆನ್ ಬುಕಿಂಗ್

ಆಟದ ಕೋರ್ಟು, ಗ್ರೌಂಡು ಬುಕ್ ಮಾಡೋ ಆ್ಯಪ್ ಡಿಸೈನ್ ಮಾಡೋ ಕೆಲ್ಸ ನಂಗೆ ಬಂದಾಗ, ಈಗ ಬುಕಿಂಗ್ ಹೆಂಗೆ ನಡೀತಿದೆ ಅಂತ ಕಣ್ಣಾರೆ ನೋಡ್ದೆ ಒಂದು ಗೆರೆನೂ ಎಳೆಯೋದು ಬೇಡ ಅನ್ನಿಸ್ತು. ಅದಕ್ಕೆ ಒಂದು ಶನಿವಾರ ಪೂರ್ತಿ, ಒಳಗೊಂದು ಹಾಲ್, ಹೊರಗೊಂದು ಫುಟ್‌ಬಾಲ್ ಗ್ರೌಂಡ್ ಇರೋ ಜಾಗಕ್ಕೆ ಹೋಗಿ ಮ್ಯಾನೇಜರ್ ಪಕ್ಕ ಚೇರ್ ಹಾಕ್ಕೊಂಡು ಕೂತೆ.

ಅವರ ಹತ್ರ ಇದ್ದಿದ್ದು ಒಂದು ಉದ್ದನೆ ರಿಜಿಸ್ಟರ್. ಪುಟಕ್ಕೊಂದು ದಿನ, ಮೇಲೆ ಸಾಲಾಗಿ ಕೋರ್ಟ್‌ಗಳು, ಎಡಗಡೆ ಗಂಟೆಗಳು. ಫೋನ್ ಬಂತು, ಏಳು ಗಂಟೆ ಮನೇಲಿ, ಅಂದ್ರೆ ಆ ಚೌಕದಲ್ಲಿ, ಪೆನ್ಸಿಲ್‌ನಲ್ಲಿ ಒಂದು ಹೆಸರು ಬರೆದ್ರು. ಸ್ವಲ್ಪ ಹೊತ್ತಾದ್ಮೇಲೆ ದುಡ್ಡು ಬಂದ ಮೆಸೇಜ್ ನೋಡಿ ಅದೇ ಹೆಸರಿನ ಮೇಲೆ ಪೆನ್ನಲ್ಲಿ ತಿದ್ದಿದ್ರು. ಅದರ ಕೆಳಗಿದ್ದ ಇನ್ನೊಂದು ಹೆಸರನ್ನ ರಬ್ಬರ್ ತಗೊಂಡು ಅಳಿಸಿಬಿಟ್ರು. "ಯಾಕ್ ಸರ್ ಅದನ್ನ ಅಳಿಸಿದ್ರಿ?" ಅಂದೆ. "ದುಡ್ಡು ಹಾಕ್ತೀನಿ ಅಂದು ಅರ್ಧ ಗಂಟೆ ಆಯ್ತು, ಇನ್ನೊಬ್ರು ಕಾಯ್ತಿದಾರೆ, ಎಷ್ಟೊತ್ತು ಅಂತ ಇಟ್ಕೊಳ್ಳೋದು ಹೇಳಿ" ಅಂದ್ರು.

ಇಡೀ ಆ್ಯಪ್‌ನ ಜೀವ ಆ ಪೆನ್ಸಿಲ್‌ನಲ್ಲೇ ಇದೆ ಅಂತ ನಂಗೆ ಆಗ್ಲೇ ಅನ್ನಿಸ್ತು. ಖಾಲಿ, ಭರ್ತಿ ಇವೆರಡರ ಮಧ್ಯೆ ಇನ್ನೊಂದು ಸ್ಥಿತಿ ಇದೆ, ಒಬ್ರು ಕೈ ಇಟ್ಟಿದಾರೆ ಆದ್ರೆ ಇನ್ನೂ ದುಡ್ಡು ಕಟ್ಟಿಲ್ಲ. ಆ್ಯಪಲ್ಲಿ ಇದನ್ನ ಹೋಲ್ಡ್ ಅಂತೀವಿ. ಸ್ಲಾಟ್ ಒತ್ತಿದ ತಕ್ಷಣ ಕೆಲವು ನಿಮಿಷ ಅದು ನಿಮ್ಮದು, ಬೇರೆಯವರಿಗೆ ತಗೊಳ್ಳೋಕಾಗಲ್ಲ, ಟೈಮರ್ ಮುಗಿದ್ರೆ ತಾನಾಗೇ ಬಿಟ್ಟುಹೋಗುತ್ತೆ. ಕೇಳೋಕೆ ಸುಲಭ, ಆದ್ರೆ ಟೈಮರ್ ಮುಗಿದ ಮೇಲೆ ಪೇಮೆಂಟ್ ಸಕ್ಸಸ್ ಅಂತ ಬ್ಯಾಂಕಿಂದ ತಡವಾಗಿ ಬಂದ್ರೆ? ಸ್ಲಾಟ್ ಇನ್ನೂ ಖಾಲಿ ಇದ್ರೆ ಅವರಿಗೇ ಕೊಡೋದು, ಇಲ್ಲಾಂದ್ರೆ ಯಾರೂ ಕೇಳೋ ಮೊದ್ಲೇ ರಿಫಂಡ್ ಶುರು ಮಾಡಿ ಅದನ್ನ ಸ್ಕ್ರೀನ್ ಮೇಲೆ ನೇರವಾಗಿ ಹೇಳೋದು. ದುಡ್ಡು ಹೋಯ್ತು ಕೋರ್ಟೂ ಸಿಗ್ಲಿಲ್ಲ ಅಂತ ಒಬ್ಬ ಮನುಷ್ಯ ಫೋನ್ ಹಿಡ್ಕೊಂಡು ನಿಲ್ಲೋ ಹಾಗೆ ಮಾಡೋದು ನನ್ನ ಪ್ರಕಾರ ಈ ಥರದ ಆ್ಯಪಲ್ಲಿ ಆಗಬಾರದ ಮೊದಲ ವಿಷಯ.

ಮಧ್ಯಾಹ್ನ ಹಾಲ್ ಒಳಗೆ ಹೋದೆ. ನೆಲದ ಮೇಲೆ ಬೇರೆ ಬೇರೆ ಬಣ್ಣದ ಗೆರೆಗಳು, ಒಂದು ಬಾಸ್ಕೆಟ್‌ಬಾಲ್ ಕೋರ್ಟು, ಅದರೊಳಗೇ ಅಡ್ಡಡ್ಡಕ್ಕೆ ಮೂರು ಬ್ಯಾಡ್ಮಿಂಟನ್ ಕೋರ್ಟು. ಬಾಸ್ಕೆಟ್‌ಬಾಲ್ ಕೋರ್ಟು 28 ಮೀಟರ್ ಉದ್ದ 15 ಮೀಟರ್ ಅಗಲ, ಬ್ಯಾಡ್ಮಿಂಟನ್‌ದು 13.4 ಮೀಟರ್ ಉದ್ದ 6.1 ಅಗಲ, ಹಾಗಾಗಿ ಆರಾಮಾಗಿ ಕೂರುತ್ತೆ. ಆದ್ರೆ ಒಬ್ರು ಒಂದು ಬ್ಯಾಡ್ಮಿಂಟನ್ ಕೋರ್ಟ್ ತಗೊಂಡ್ರೂ ಆ ಹೊತ್ತಿಗೆ ಬಾಸ್ಕೆಟ್‌ಬಾಲ್ ಇಲ್ಲ. ರಿಜಿಸ್ಟರ್‌ನಲ್ಲಿ ಮ್ಯಾನೇಜರ್ ಆ ಮನೆಗೆ ಸುಮ್ನೆ ಒಂದು ಗೀಟು ಹಾಕ್ತಾರೆ, ಅಷ್ಟೇ. ನಾವು ಅದನ್ನ ಆ್ಯಪಿಗೆ ಕಲಿಸ್ಬೇಕು, ಅಂದ್ರೆ ಬುಕ್ ಆಗೋದು ಆಟ ಅಲ್ಲ, ನೆಲ. ಮೂರು ತುಂಡು ನೆಲ, ಬಾಸ್ಕೆಟ್‌ಬಾಲ್ ಅಂದ್ರೆ ಮೂರೂ ತುಂಡು. ಹೊರಗಿನ ಗ್ರೌಂಡಿಗೂ ಇದೇ ಲೆಕ್ಕ, ಅರ್ಧ ಹೋದ್ರೆ ಪೂರ್ತಿ ಗ್ರೌಂಡ್ ಸಿಗಲ್ಲ.

ಇದನ್ನ ಬಂದು ಹೇಳ್ದಾಗ ನಮ್ಮ ಡೆವಲಪರ್ ಗೆಳತಿ, ಒಂದೇ ನೆಲ ಇಬ್ರಿಗೆ ಹೋಗದ ಹಾಗೆ ಕಾಯೋ ಕೆಲ್ಸಾನ ಆ್ಯಪ್ ಕೋಡಿಗೆ ಬಿಡೋದು ಬೇಡ ಡೇಟಾಬೇಸ್‌ಗೇ ಕೊಡೋಣ ಅಂದ್ಲು. ಪೋಸ್ಟ್‌ಗ್ರೆಸ್ ಅನ್ನೋ ಡೇಟಾಬೇಸ್‌ನಲ್ಲಿ 2010ರಿಂದಲೇ ಎಕ್ಸ್‌ಕ್ಲೂಷನ್ ಕನ್‌ಸ್ಟ್ರೇಂಟ್ ಅನ್ನೋದಿದೆ, ಒಂದೇ ತುಂಡಿಗೆ ಒಂದರ ಮೇಲೊಂದು ಬೀಳೋ ಎರಡು ಹೊತ್ತನ್ನ ಅದು ಒಳಗೇ ಬಿಡಲ್ಲ, ಇಬ್ರು ಒಂದೇ ಕ್ಷಣಕ್ಕೆ ಒತ್ತಿದ್ರೂ ಒಬ್ರಿಗೇ ಸಿಗುತ್ತೆ. ಆರರಿಂದ ಏಳು, ಏಳರಿಂದ ಎಂಟು ಇವೆರಡೂ ತಾಗಬಾರ್ದಲ್ಲ, ಅದಕ್ಕೆ ಮುಗಿಯೋ ಗಳಿಗೆಯನ್ನ ಆ ಸ್ಲಾಟಿನ ಲೆಕ್ಕಕ್ಕೆ ಸೇರಿಸಲ್ಲ.

ಗ್ರೌಂಡ್ ಪಕ್ಕ ಕೂತಿದ್ದ ಒಂದಿಬ್ರು ಹುಡುಗರಿಗೆ ಕಾಗದದ ಮೇಲೆ ಬರೆದ ಸ್ಲಾಟ್ ಪಟ್ಟಿ ತೋರಿಸ್ದೆ, ಹಸಿರು ಖಾಲಿ, ಕೆಂಪು ಭರ್ತಿ. ಒಬ್ಬನಿಗೆ ಎರಡೂ ಒಂದೇ ಥರ ಕಾಣ್ತಿತ್ತು. ಬರೀ ಬಣ್ಣದಿಂದ ಅರ್ಥ ಹೇಳಬೇಡಿ ಅಂತ ಆಕ್ಸೆಸಿಬಿಲಿಟಿ, ಅಂದ್ರೆ ಎಲ್ರಿಗೂ ಬಳಸೋಕಾಗೋ ಹಾಗೆ ಮಾಡೋ ನಿಯಮದಲ್ಲೇ ಇದೆ, ಹಾಗಾಗಿ ಭರ್ತಿ ಆದ ಮನೆಗೆ ಮ್ಯಾನೇಜರ್ ಥರಾನೇ ಗೀಟು ಹಾಕಿದೀವಿ, ಬೆವರಿದ ಕೈಲಿ ಒತ್ತೋರು ಇರ್ತಾರೆ ಅಂತ ಮನೆಗಳನ್ನೂ ದೊಡ್ಡದು ಮಾಡಿದೀವಿ.

ಸಂಜೆ ಜೋರು ಮಳೆ ಬಂತು. ಮ್ಯಾನೇಜರ್ ರಿಜಿಸ್ಟರ್ ಹಿಡ್ಕೊಂಡು ಗ್ರೌಂಡ್ ಬುಕ್ ಮಾಡಿದ್ದ ಒಬ್ಬೊಬ್ರಿಗೂ ಫೋನ್ ಮಾಡಿ, ನಾಳೆಗೆ ಹಾಕ್ಲಾ ದುಡ್ಡು ವಾಪಸ್ ಮಾಡ್ಲಾ ಅಂತ ಕೇಳ್ತಾ ಕೂತ್ರು, ಕೆಲವರು ಆಗ್ಲೇ ಮನೆ ಬಿಟ್ಟಿದ್ರು. ಅದಕ್ಕೆ ಮ್ಯಾನೇಜರ್ ಸ್ಕ್ರೀನಲ್ಲಿ ಒಂದು ಬಟನ್ ಇಟ್ಟಿದೀನಿ, ಒತ್ತಿದ್ರೆ ಆ ಗ್ರೌಂಡಿನ ಉಳಿದ ಹೊತ್ತೆಲ್ಲ ಮುಚ್ಚುತ್ತೆ, ಬುಕ್ ಮಾಡಿದ ಎಲ್ರಿಗೂ ಅದೇ ಎರಡು ಪ್ರಶ್ನೆ ಹೋಗುತ್ತೆ. ಕೂಪನ್ನು, ರೇಟಿಂಗು ಆಮೇಲೆ ಬಂದ್ರೂ ನಡೆಯುತ್ತೆ, ಈ ಬಟನ್ ಮಾತ್ರ ಮೊದಲ ವರ್ಶನ್‌ನಲ್ಲೇ ಇರ್ಬೇಕು ಅಂತ ಟೀಮಲ್ಲಿ ಹಟ ಹಿಡ್ಕೊಂಡು ಕೂತಿದೀನಿ.