ಅಪ್ಪನ ಎಡಗೈ ಚಿತ್ರಗಳು: 11 ವಾರದ ಲೆಕ್ಕ

ಶುರುವಿಗೆ ಮೊದಲು

ಅಪ್ಪ ದಾವಣಗೆರೆಯಲ್ಲಿ ಮೂವತ್ತು ವರ್ಷಕ್ಕೂ ಜಾಸ್ತಿ ಬೋರ್ಡ್ ಬರೆದವರು. ತಗಡಿನ ಮೇಲೆ ಎನಾಮೆಲ್ ಪೇಂಟಿನಲ್ಲಿ ಅಂಗಡಿ ಹೆಸರು, ಶಾಲೆ ಗೋಡೆ ಮೇಲೆ ಸುಭಾಷಿತ, ಲಾರಿ ಹಿಂದೆ ಹೂವು, ಹದ್ದು. ಫ್ಲೆಕ್ಸ್ ಬಂದ ಮೇಲೆ ಕೆಲಸ ಕಡಿಮೆಯಾಯಿತು. ಆದರೂ ಬ್ರಷ್‌ಗಳನ್ನು ತೊಳೆದು, ಒರೆಸಿ, ಡಬ್ಬಿಯಲ್ಲಿ ಇಡುವುದನ್ನು ಅವರು ಬಿಟ್ಟಿರಲಿಲ್ಲ.

ದೀಪಾವಳಿ ಆದ ಮೇಲೆ ಲಕ್ವ ಹೊಡೆಯಿತು. ಮೆದುಳಿನ ಎಡಭಾಗಕ್ಕೆ. ಬಲಗೈಯನ್ನು ನಡೆಸುವುದು ಆ ಭಾಗ. ಹೆಚ್ಚಿನವರಿಗೆ ಮಾತನ್ನು ನಡೆಸುವುದೂ ಅದೇ. ಹಾಗಾಗಿ ಅಪ್ಪನಿಗೆ ಎರಡೂ ಒಟ್ಟಿಗೆ ಹೋದವು. ಈಗ ಬಾಯಲ್ಲಿ ಬರುವುದು ಒಂದೇ ಪದ, "ಅದೇ". ನೀರು ಬೇಕಾದರೂ ಅದೇ, ಸಿಟ್ಟು ಬಂದರೂ ಅದೇ.

1861ರಲ್ಲಿ ಪ್ಯಾರಿಸ್‌ನಲ್ಲಿ ಪಾಲ್ ಬ್ರೋಕಾ ಅನ್ನುವ ಡಾಕ್ಟರ್ ಒಬ್ಬ ರೋಗಿಯನ್ನು ನೋಡಿದ್ದರು. ಏನು ಕೇಳಿದರೂ ಅವನ ಬಾಯಲ್ಲಿ "ಟ್ಯಾನ್" ಅಂತಲೇ ಬರುತ್ತಿತ್ತು. ಅವನು ತೀರಿಕೊಂಡ ಮೇಲೆ ನೋಡಿದರೆ ಮೆದುಳಿನ ಎಡಗಡೆ, ಮುಂಭಾಗದಲ್ಲಿ ಏಟು ಬಿದ್ದಿತ್ತು. ಇದನ್ನು ಓದಿದ ದಿನ ನನಗೆ ಎಷ್ಟೋ ಸಮಾಧಾನವಾಯಿತು. ಅಪ್ಪ ಹಟ ಮಾಡುತ್ತಿಲ್ಲ. ನಾವು ಹೇಳುವುದು ಅವರಿಗೆ ಬಹಳಷ್ಟು ತಿಳಿಯುತ್ತದೆ. ತಿಳಿದದ್ದು ಹೊರಗೆ ಬರುವ ದಾರಿ ಕಟ್ಟಿದೆ.

ಆಸ್ಪತ್ರೆಯಿಂದ ಬರುವಾಗ ಕೈಕಾಲಿನ ವ್ಯಾಯಾಮದ ಚೀಟಿ ಕೊಟ್ಟರು. ಮನಸ್ಸಿನ ಬಗ್ಗೆ ಯಾರೂ ಏನೂ ಹೇಳಲಿಲ್ಲ. ಅಪ್ಪ ದಿನಕ್ಕೆ ಎರಡು ಸಲ ಅಳುತ್ತಿದ್ದರು, ತಟ್ಟೆ ತಳ್ಳುತ್ತಿದ್ದರು. ಮಾತು ಕಲಿಸಲು ಬರುವ ಥೆರಪಿಸ್ಟ್ ಹೇಳಿದರು: "ಮಾತೇ ಬೇಕಾಗದ ಕೆಲಸ ಯಾವುದಾದರೂ ದಿನಾ ಅವರ ಜೊತೆ ಕೂತು ಮಾಡಿ." ನಮ್ಮ ಮನೆಯಲ್ಲಿ ಅಂಥ ಕೆಲಸ ಅಂದರೆ ಬಣ್ಣ.

ವಾರ 1

ಅಮೆರಿಕದ ಡ್ರೆಕ್ಸೆಲ್ ವಿಶ್ವವಿದ್ಯಾಲಯದ ಗಿರಿಜಾ ಕೈಮಲ್ ಮತ್ತು ಸಂಗಡಿಗರ ಒಂದು ಅಧ್ಯಯನ 2016ರಲ್ಲಿ ಬಂದಿದೆ. 39 ಜನರಿಗೆ 45 ನಿಮಿಷ ಬಣ್ಣ, ಜೇಡಿಮಣ್ಣು, ಕಾಗದ ಕೊಟ್ಟು ಬೇಕಾದ್ದು ಮಾಡಿ ಅಂದರು. ಸುಮಾರು ಮುಕ್ಕಾಲು ಪಾಲು ಜನರಲ್ಲಿ ಕಾರ್ಟಿಸಾಲ್ ಅನ್ನುವ ಒತ್ತಡದ ಹಾರ್ಮೋನು ಇಳಿದಿತ್ತು. ಮೊದಲೇ ಚಿತ್ರ ಬರೆದು ಅಭ್ಯಾಸ ಇದ್ದವರಿಗೂ ಇಲ್ಲದವರಿಗೂ ಅಂಥ ವ್ಯತ್ಯಾಸ ಕಾಣಲಿಲ್ಲ. ಅದನ್ನು ನೋಡಿ ನಾನೂ 45 ನಿಮಿಷ ಅಂತ ಇಟ್ಟುಕೊಂಡೆ. ಅಪ್ಪ ಹದಿನೈದೇ ನಿಮಿಷಕ್ಕೆ ಸುಸ್ತಾದರು. ಅವರು ಆರೋಗ್ಯವಾಗಿದ್ದ ಜನ, ಅಪ್ಪ ಈಗಷ್ಟೇ ಎದ್ದು ಕೂತವರು. ಈಗ ಇಪ್ಪತ್ತು ನಿಮಿಷ, ಬೆಳಿಗ್ಗೆ ತಿಂಡಿ ಆದ ಮೇಲೆ.

ಒಂದೇ ಕೈಯಲ್ಲಿ ಬರೆಯುವಾಗ ಹಾಳೆ ಜಾರುತ್ತದೆ. ನಾಲ್ಕೂ ಮೂಲೆಗೆ ಟೇಪ್ ಹಚ್ಚಿದೆ. ಆಯಿಲ್ ಪೇಸ್ಟಲ್ ಹಿಡಿಯಲು ತೆಳು ಅನಿಸಿತು. ಹಳೇ ಪಂಚೆ ಹರಿದು ಸುತ್ತಿ ದಪ್ಪ ಮಾಡಿದೆ.

ವಾರ 3

ಈ ವಾರ ನಾನು ತಪ್ಪು ಮಾಡಿದೆ.

ಅಪ್ಪನಿಗೆ ಖುಷಿಯಾಗಲಿ ಅಂತ ಅವರದ್ದೇ ಡಬ್ಬಿಯಿಂದ ಅವರದ್ದೇ ಬ್ರಷ್ ತೆಗೆದುಕೊಟ್ಟೆ. ಕಪ್ಪು ಬಣ್ಣ ಕಲಸಿ "ಒಂದು ಅಕ್ಷರ ಬರೀರಿ ಅಪ್ಪ" ಅಂದೆ. ಎಡಗೈಯಲ್ಲಿ ಹಿಡಿದು ಬಹಳ ಹೊತ್ತು ಹಾಳೆ ನೋಡಿದರು. ಆಮೇಲೆ ಕ ಅಕ್ಷರಕ್ಕೆ ತಲೆಕಟ್ಟು ಎಳೆದರು. ನಾನು ಚಿಕ್ಕವಳಿದ್ದಾಗ ಅವರು ಹೇಳುತ್ತಿದ್ದದ್ದೇ ಅದು, ತಲೆಕಟ್ಟು ಸರಿ ಕೂತರೆ ಅಕ್ಷರ ನಿಂತ ಹಾಗೆ ಅಂತ. ಇವತ್ತು ಅದು ನಡುಗಿ, ಬಾಗಿ, ಹಾಳೆಯ ಅಂಚಿಗೆ ಹೋಯಿತು. ಅಪ್ಪ ಅದನ್ನು ನೋಡಿದರು. ಬ್ರಷ್ ಎಸೆದರು. "ಅದೇ, ಅದೇ, ಅದೇ" ಅಂತ ಅಳಲು ಶುರು ಮಾಡಿದರು. ಹಾಳೆಯನ್ನು ಟೇಪ್ ಸಮೇತ ಕಿತ್ತರು.

ಅವ್ವ ಒಲೆ ಹತ್ತಿರದಿಂದ ಬಂದು ನೆಲದ ಮೇಲೆ ಬಿದ್ದಿದ್ದ ಬ್ರಷ್ ಎತ್ತಿಕೊಂಡಳು. "ಇದನ್ನ ಒಳಗಿಡವ್ವ. ಇದು ಅವರ ಅನ್ನ" ಅಂದಳು.

ರಾತ್ರಿಯೆಲ್ಲ ಅದನ್ನೇ ಯೋಚಿಸಿದೆ. ಕೈಚಳಕ ಬೇಕಿಲ್ಲ, ಬಣ್ಣ ಹಚ್ಚಿದರೆ ಸಾಕು ಅಂತ ಎಲ್ಲಾ ಕಡೆ ಬರೆದಿರುತ್ತಾರೆ. ಕೈಚಳಕ ಇಲ್ಲದವರಿಗೆ ಆ ಮಾತು ಧೈರ್ಯ ಕೊಡುತ್ತದೆ. ಇದ್ದು ಕಳೆದುಕೊಂಡವರಿಗೆ? ಒಂದು ಸೊಟ್ಟ ಗೆರೆ ಅಪ್ಪನ ಕಣ್ಣಿಗೆ ಹೇಗೆ ಕಾಣುತ್ತದೆ ಅಂತ ನಾನು ಯೋಚಿಸಿಯೇ ಇರಲಿಲ್ಲ.

ವಾರ 4, 5

ಅಕ್ಷರ ಬೇಡ, ಬ್ರಷ್ ಬೇಡ. ಅಪ್ಪನ ಕಸುಬಿಗೆ ಸೇರದ ಸಾಮಾನು ಮಾತ್ರ.

ಹಾಳೆಯನ್ನು ಪೂರ್ತಿ ಒದ್ದೆ ಮಾಡಿ ಪೋಸ್ಟರ್ ಕಲರ್ ತೊಟ್ಟು ಬಿಟ್ಟೆವು. ಹಳದಿ ಹೋಗಿ ನೀಲಿಗೆ ಸೇರಿ ಹಸಿರಾಯಿತು. ನೀರು ಹರಿದ ಕಡೆ ಬಣ್ಣ ಹೋಗುತ್ತದೆ, ಕೈ ನಡುಗಿದರೂ ಯಾರಿಗೂ ಗೊತ್ತಾಗುವುದಿಲ್ಲ. ಅಪ್ಪ ಹಾಳೆಯನ್ನು ಓರೆ ಮಾಡು ಅಂತ ಕಣ್ಣಲ್ಲೇ ಹೇಳಿದರು. ಮರುದಿನ ಅವ್ವ ಸಾರಿಗೆ ಹೆಚ್ಚುತ್ತಿದ್ದ ಬೆಂಡೆಕಾಯಿಯ ತುಂಡು ಕೊಟ್ಟಳು. ಅದ್ದಿ ಒತ್ತಿದರೆ ಹೂವು. ಹಾಳೆ ತುಂಬ ಒತ್ತಿದರು, ಅಂಚಿಗೆ ಒಂದು, ನಡುವೆ ಜಾಗ ಬಿಟ್ಟು. ಎಲ್ಲಿ ಖಾಲಿ ಬಿಡಬೇಕು ಅನ್ನುವುದು ಅವರಿಗೆ ಇನ್ನೂ ಗೊತ್ತು! ನನಗೆ ಕಣ್ಣು ತುಂಬಿ ಬಂತು.

ವಾರ 6

ಒಂದು ವಾರ ಪೂರ್ತಿ ಕಪ್ಪನ್ನೇ ಆರಿಸಿಕೊಂಡರು. ನನಗೆ ಭಯವಾಯಿತು, ಕಪ್ಪು ಅಂದರೆ ದುಃಖ ಅಂತ. ಹೌದು ಅಂದರೆ ತಲೆ ಆಡಿಸುವ ಹಾಗೆ ಒಂದೊಂದೇ ಕೇಳಿದೆ. ಬೇಜಾರಾ? ಇಲ್ಲ. ಸಿಟ್ಟಾ? ಇಲ್ಲ. ಕೊನೆಗೆ ಗೋಡೆಗೆ ಒರಗಿಸಿದ್ದ ಹಳೇ ಬೋರ್ಡ್ ಕಡೆ ಕೈ ತೋರಿಸಿದರು. ಕಪ್ಪು ತಳ, ಅದರ ಮೇಲೆ ಹಳದಿ ಅಕ್ಷರ. ಅವರು ಮೊದಲು ತಳ ಹಾಕುತ್ತಿದ್ದರು, ಅಷ್ಟೇ. ಬಣ್ಣಕ್ಕೆ ನಾವೇ ಅರ್ಥ ಕೊಡಬಾರದು, ಬರೆದವರನ್ನು ಕೇಳಬೇಕು. ತರಬೇತಿ ಪಡೆದ ಆರ್ಟ್ ಥೆರಪಿಸ್ಟ್‌ಗಳ ಕೆಲಸದಲ್ಲಿ ಹೀಗೆ ಕೇಳುವುದು ದೊಡ್ಡ ಭಾಗ. ನಾನು ಥೆರಪಿಸ್ಟ್ ಅಲ್ಲ, ಮಗಳು. ಫಿಸಿಯೋಥೆರಪಿ, ಮಾತಿನ ಪಾಠ ಎರಡೂ ಜೊತೆಗೇ ನಡೆದಿವೆ.

ಆರ್ಟ್ ಥೆರಪಿ ಅನ್ನುವ ಹೆಸರನ್ನು 1942ರಲ್ಲಿ ಬಳಕೆಗೆ ತಂದವರು ಏಡ್ರಿಯನ್ ಹಿಲ್ ಅನ್ನುವ ಬ್ರಿಟಿಷ್ ಚಿತ್ರಕಾರರು. ಕ್ಷಯ ಬಂದು ಸ್ಯಾನಟೋರಿಯಂ ಸೇರಿದ್ದಾಗ ಅಲ್ಲೇ ಚಿತ್ರ ಬರೆದು ತಮ್ಮ ಮನಸ್ಸನ್ನು ಹಿಡಿದುಕೊಂಡರು. ಆಮೇಲೆ ಜೊತೆಯ ರೋಗಿಗಳಿಗೂ ಹೇಳಿಕೊಟ್ಟರು. ಅವರೂ ಚಿತ್ರದಿಂದಲೇ ಬದುಕಿದವರು, ಅಪ್ಪನ ಹಾಗೆ. ಅಪ್ಪನಿಗೆ ಅವರ ಕಥೆ ಹೇಳಿದೆ. ಕೊನೆವರೆಗೂ ಕೇಳಿದರು.

ವಾರ 7ರಿಂದ 9

ಮಳೆ, ಜ್ವರ, ಮೂರು ದಿನ ರಜ. ಉಳಿದ ದಿನ ಇಪ್ಪತ್ತು ನಿಮಿಷ. ಅಳು ಕಡಿಮೆಯಾಗಿದೆ, ವಾರಕ್ಕೆ ಎರಡು ಮೂರು ಸಲ. ಅದು ಬಣ್ಣದಿಂದಲೋ, ದಿನ ಕಳೆದದ್ದರಿಂದಲೋ, ನಾನು ಬಿಡಿಸಿ ಹೇಳಲಾರೆ. ಬಣ್ಣದ ಡಬ್ಬಿ ಸದ್ದಾದರೆ ಕುರ್ಚಿಯಲ್ಲಿ ನೆಟ್ಟಗೆ ಕೂರುತ್ತಾರೆ. ಅಷ್ಟು ಮಾತ್ರ ಖಂಡಿತ.

ನನ್ನದೂ ಒಂದು ಹಾಳೆ ಇರುತ್ತದೆ, ಅಪ್ಪನ ಪಕ್ಕದಲ್ಲೇ. ಒಂದು ದಿನ ಕೆಂಪನ್ನು ಒತ್ತಿ ಒತ್ತಿ ಪೇಸ್ಟಲ್ ಮುರಿಯಿತು. ಅಷ್ಟು ಸಿಟ್ಟು ಒಳಗಿದೆ ಅಂತ ನನಗೇ ಗೊತ್ತಿರಲಿಲ್ಲ. ಅಪ್ಪ ಮುರಿದ ತುಂಡು ತೆಗೆದುಕೊಂಡು ತಮ್ಮ ಹಾಳೆಗೆ ಹಚ್ಚಿದರು. ಆ ರಾತ್ರಿ 14416ಕ್ಕೆ ಫೋನ್ ಮಾಡಿದೆ. ಅದು ಟೆಲಿ ಮಾನಸ್, 2022ರ ಅಕ್ಟೋಬರ್‌ನಲ್ಲಿ ಕೇಂದ್ರ ಸರ್ಕಾರ ಶುರು ಮಾಡಿದ ಉಚಿತ ಸಹಾಯವಾಣಿ. ಕನ್ನಡದಲ್ಲೇ ಮಾತಾಡಿದೆ. ರೋಗಿಯನ್ನು ನೋಡಿಕೊಳ್ಳುವವರೂ ಫೋನ್ ಮಾಡಬಹುದು, ಸಂಕೋಚ ಬೇಡ.

ವಾರ 11

ಭಾನುವಾರ ಅಪ್ಪ ಅಟ್ಟದ ಕಡೆ ಬೆರಳು ತೋರಿಸಿ "ಅದೇ" ಅಂದರು. ಒಂದೊಂದೇ ಸಾಮಾನು ಇಳಿಸಿ ತೋರಿಸಿದೆ. ಏಣಿ ಅಲ್ಲ, ಡಬ್ಬಿ ಅಲ್ಲ. ದಾರದ ಉಂಡೆ ಸಿಕ್ಕಾಗ ಜೋರಾಗಿ ತಲೆ ಆಡಿಸಿದರು.

ಬೋರ್ಡ್ ಬರೆಯುವವರಿಗೆ ಗೊತ್ತು. ದಾರಕ್ಕೆ ಸೀಮೆಸುಣ್ಣ ಸವರಿ, ಎರಡು ತುದಿ ಬಿಗಿಯಾಗಿ ಹಿಡಿದು, ನಡುವೆ ಎತ್ತಿ ಬಿಟ್ಟರೆ ತಗಡಿನ ಮೇಲೆ ಗೆರೆ ಬೀಳುತ್ತದೆ. ಅಕ್ಷರ ಮೇಲೆ ಎಲ್ಲಿಗೆ, ಕೆಳಗೆ ಎಲ್ಲಿಗೆ ಅಂತ ತೋರಿಸಲು ಅಂಥ ಎರಡು ಗೆರೆ ಬೇಕು. ಚಿಕ್ಕವಳಿದ್ದಾಗ ದಾರದ ಇನ್ನೊಂದು ತುದಿ ಹಿಡಿಯುತ್ತಿದ್ದವಳು ನಾನೇ.

ಕಪ್ಪು ತಳದ ಹಳೇ ತಗಡು ಮೇಜಿನ ಮೇಲಿಟ್ಟೆವು. ಒಂದು ತುದಿ ನಾನು, ಇನ್ನೊಂದು ತುದಿ ಅವ್ವ. ಅಪ್ಪ ಎಡಗೈಯ ಎರಡು ಬೆರಳಿನಲ್ಲಿ ದಾರ ಎತ್ತಿದರು. ಬೆರಳು ನಡುಗುತ್ತಿತ್ತು. ಬಿಟ್ಟರು. ಟಪ್ ಅಂತ ಬಿಳಿ ಗೆರೆ, ಮೊದಲು ಬರೆಯುತ್ತಿದ್ದಷ್ಟೇ ನೇರ. ಅಪ್ಪ ಬಗ್ಗಿ, ಒಂದು ಕಣ್ಣು ಮುಚ್ಚಿ, ಆ ತುದಿಯಿಂದ ಈ ತುದಿವರೆಗೆ ನೋಡಿದರು. ಆಮೇಲೆ ನಾಲ್ಕು ಬೆರಳು ಇಟ್ಟು ಅಳತೆ ತೋರಿಸಿದರು. ಕೆಳಗೆ ಎರಡನೇ ಗೆರೆ ಹೊಡೆದೆವು.

ನಡುವೆ ಏನು ಬರೆಯುವುದು ಅಂತ ನಾನು ಕೇಳಿಲ್ಲ. ತಗಡನ್ನು ಅವರ ಕುರ್ಚಿಗೆ ಕಾಣುವ ಹಾಗೆ ಗೋಡೆಗೆ ಒರಗಿಸಿದ್ದೇವೆ. ಸೀಮೆಸುಣ್ಣ ಮುಗಿದಿದೆ, ನಾಳೆ ಒಂದು ಡಬ್ಬಿ ತರಬೇಕು.